ಫಲಾನುಭವಿಯೊಬ್ಬನ ಬಿನ್ನಹ

ಮಹಾರಾಜರಾಜಶ್ರೀ ಸಸ್ಯಸಂರಕ್ಷಣೆಯ ಅಧಿಕಾರಿ ಮಹಾಶಯರ ಸನ್ನಿಧಾನಕ್ಕೆ,

ತಾವು ದಯಮಾಡಿ ಕಳುಹಿಸಿದ ನೋಟೀಸು ಕೈಸೇರಿತು. ಅದರ ವಿಚಾರವನ್ನು ಮುಖತಃ ಅರಿಕೆಮಾಡಿಕೊಳ್ಳೋಣವೆಂದು ಇಂದು ಮುಂಜಾನೆಯ ಬಸ್ಸಿಗೆ ಬಂದು, ಕಚೇರಿಯ ಜಗುಲಿಯ ಮುರುಕು ಬೆಂಚಿನ ಮೇಲೆ ಹೊತ್ತು ಇಳಿಯುವವರೆಗೂ ಕುಳಿತು, ಸಾಹೇಬರು ಕ್ಯಾಂಪಿನಲ್ಲಿದ್ದಾರೆಂಬ ಸಂಗತಿಯನ್ನು ಜವಾನನ ಬಾಯಿಂದ ಕೇಳಿ ಹಿಂದಿರುಗಿದವನಾದುದರಿಂದ, ಹೇಳಬೇಕಾದುದನ್ನು ಈ ಪತ್ರಿಕೆಯ ಮೂಲಕವೇ ನಿವೇದಿಸುತ್ತಿದ್ದೇನೆ.

ನನ್ನ ನಾಲ್ಕೆಕರೆ ಹತ್ತಿಯ ಹೊಲದ ಮೇಲೆ ಒಂದು ತೊಟ್ಟಿ ಕೀಟನಾಶಕವು ವಿಮಾನದಿಂದ ಬಿದ್ದಿರುವುದು ಪಂಚನಾಮೆಯಿಂದ ಸಿದ್ಧವಾಗಿರುವ ಕಾರಣ, ಫಲಾನುಭವಿಯಾದ ನಾನು ತೊಟ್ಟಿಯಷ್ಟಕ್ಕೂ ಸಿಂಪರಣೆಯ ಶುಲ್ಕವನ್ನು ಕಟ್ಟತಕ್ಕದ್ದೆಂದು ತಮ್ಮ ಅಪ್ಪಣೆ. ಬಿದ್ದಿರುವುದು ನಿಜ, ಪಂಚನಾಮೆಯೇ ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಆದರೂ ಮದುವೆಮನೆಯ ಸಾರಿನ ಹಂಡೆ ಉರುಳಿ ಮೈ ಸುಟ್ಟುಕೊಂಡವನ ಬಳಿ ಊಟದ ದುಡ್ಡು ಕೇಳುವ ಈ ಪದ್ಧತಿ ನಮ್ಮ ಸೀಮೆಗೆ ಹೊಸದು. 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಸಮೀಪ, ಮ್ಯಾಕ್ರೆಡಿ ಎಂಬ ಸೈನ್ಯದ ವೈಮಾನಿಕನು ಕಟಾಲ್ಪಾ ಮರಗಳ ಕಂಬಳಿಹುಳುಗಳ ಮೇಲೆ ಸೀಸದ ಆರ್ಸಿನೇಟ್ ಪುಡಿಯನ್ನು ಉದುರಿಸಿ ಈ ವಿದ್ಯೆಗೆ ನಾಂದಿ ಹಾಡಿದನಷ್ಟೆ. ಆ ತೋಪಿನ ಫಲಾನುಭವಿಗೆ ಬಿಲ್ಲು ಹೋಯಿತೆಂದು ನಾನೆಲ್ಲಿಯೂ ಓದಿದ್ದಿಲ್ಲ.

ನಡೆದುದಿಷ್ಟು. ಚಿತ್ತೆಯ ಮಳೆ ಹಿಂದಿನ ರಾತ್ರಿ ಚೆನ್ನಾಗಿ ಹೊಡೆದಿತ್ತು. ಓಡುದಾರಿಯೆಂದು ತಾವು ಕರೆಯುವ ಎರೆಮಣ್ಣಿನ ಪಟ್ಟಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿತ್ತು. ಸೂರ್ಯನು ನೆತ್ತಿಗೆ ಬಂದಿದ್ದನು. ಸಾಲು ತೋರಿಸಲು ಬಿಳಿಯ ಬಾವುಟ ಹಿಡಿದು ನಿಲ್ಲುವ ಹುಡುಗರಲ್ಲಿ ನಮ್ಮ ಆಳಿನ ಮಗನೂ ಒಬ್ಬ. ವಿಮಾನವು ಓಡಿತು, ಓಡಿತು, ಓಡುತ್ತಲೇ ಇದ್ದಿತು. ಗಾಲಿಗಳಿಗೆ ಮೆತ್ತಿದ ಮಣ್ಣು ಬಿಡಲೊಲ್ಲದು, ಬಾಲ ಏಳಲೊಲ್ಲದು. ಪಟ್ಟಿ ಮುಗಿದು ನನ್ನ ಬದು ಎದುರಾದಾಗ ಪೈಲಟ್ ಹಿಡಿಕೆಯನ್ನೆಳೆದು ತೊಟ್ಟಿಯ ಬಾಗಿಲನ್ನೇ ತೆರೆದುಬಿಟ್ಟನು. ಹಗುರಾದ ವಿಮಾನ ಆಳೆತ್ತರಕ್ಕೆ ಎದ್ದಿತಾದರೂ, ಒಂದು ಗಾಲಿ ಜಾಲಿಯ ಬೇಲಿಗೆ ಸಿಕ್ಕಿ ಮೂತಿ ಕೆಳಗಾಗಿ ಪಕ್ಕದ ಹೊಲದಲ್ಲಿ ಕೂತಿತು. ನನ್ನ ಮಗನ ವಯಸ್ಸಿನ ಹುಡುಗ, ಹಣೆಯ ನೆತ್ತರನ್ನು ತೋಳಿನಿಂದ ಒರೆಸಿಕೊಳ್ಳುತ್ತ ಹೊರಬಂದವನು ಮೊದಲು ಕೇಳಿದ್ದು, “ಕೆಳಗೆ ಯಾರಾದರೂ ಇದ್ದರೇನ್ರೀ?” ಎಂದು.

ಈ ಹುಡುಗನನ್ನು ಕುರಿತು ತಮ್ಮ ನೋಟೀಸಿನ ಎರಡನೆಯ ಕಂಡಿಕೆಯಲ್ಲಿ, “ಸರ್ಕಾರೀ ಔಷಧವನ್ನು ವ್ಯರ್ಥಗೊಳಿಸಿದ ಬಗ್ಗೆ ಪೈಲಟರಿಂದ ಸಮಜಾಯಿಷಿ ಕೇಳಲಾಗಿದೆ” ಎಂದಿದೆ. ನನ್ನ ಬಿಲ್ಲು ಹಾಳಾಗಲಿ. ಈ ಸಾಲನ್ನು ಓದಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಆ ಹಿಡಿಕೆಯನ್ನು ಇಟ್ಟಿರುವುದೇ ಎಳೆಯುವುದಕ್ಕೆ. 1950ರಲ್ಲಿ ಟೆಕ್ಸಾಸಿನಲ್ಲಿ ಫ್ರೆಡ್ ವೈಕ್ ಎಂಬ ಶಿಲ್ಪಿ ಹೊಲದ ಕೆಲಸಕ್ಕೆಂದೇ ಏಜಿ-1 ಎಂಬ ವಿಮಾನವನ್ನು ಕಟ್ಟಿದಾಗ, ಅದು ಬಿದ್ದರೆ ಒಳಗಿನವನು ಉಳಿಯಬೇಕೆಂಬುದನ್ನೂ ಯೋಚಿಸಿ, ತೊಟ್ಟಿಯನ್ನು ಮುಂದಿರಿಸಿ ಪೈಲಟನನ್ನು ಹಿಂದೆ, ಎತ್ತರದಲ್ಲಿ ಕೂರಿಸಿದನು. ನಮ್ಮ ಬೆಂಗಳೂರಿನಲ್ಲೇ ಸಿದ್ಧವಾಗಿ 1972ರಲ್ಲಿ ಹಾರಿದ ‘ಬಸಂತ್’ ವಿಮಾನದಲ್ಲಿಯೂ ಅದೇ ಕ್ರಮ. ವಿಮಾನ ಕಟ್ಟುವವರಿಗೆ ಪೈಲಟನ ಜೀವ ದೊಡ್ಡದು. ತಮ್ಮ ಕಚೇರಿಗೆ ಔಷಧದ ದಾಸ್ತಾನು ಪುಸ್ತಕ ದೊಡ್ಡದು.

ತೊಟ್ಟಿಯನ್ನು ಕಂಠಮಟ್ಟ ತುಂಬಿಸಿದವರಾರು? ಕಾದ ಗಾಳಿ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಮುಂಜಾವಿನ ತಂಪಿನಲ್ಲಿ ಏರಬಲ್ಲ ಹೊರೆ ನಡುಹಗಲಲ್ಲಿ ಏರಲಾರದು. ಇದು ಆ ಹುಡುಗನಿಗೆ ಗೊತ್ತಿತ್ತು. “ಅರ್ಧ ಸಾಕು” ಎಂದು ಅವನು ಹೇಳಿದುದನ್ನೂ, “ಇವತ್ತೇ ಮುಗೀಬೇಕು, ಮೇಲಿಂದ ಆರ್ಡರ್ ಆಗಿದೆ” ಎಂದು ಜೀಪಿನ ನೆರಳಿನಿಂದ ಉತ್ತರ ಬಂದುದನ್ನೂ ಬಾವುಟದ ಹುಡುಗ ಕಿವಿಯಾರೆ ಕೇಳಿದ್ದಾನೆ. ಜೀಪಿನ ನೆರಳಿನವರಿಂದ ಸಮಜಾಯಿಷಿ ಕೇಳಿದ್ದೀರಾ? ಅವರ ರುಜು ಕಡತದಲ್ಲೆಲ್ಲಾದರೂ ಇದೆಯೇ? ಇರುವುದಿಲ್ಲ. ಹಿಡಿಕೆ ಎಳೆಯದೆ ಆತ ಸತ್ತಿದ್ದರೆ, ಏಕೆ ಎಳೆಯಲಿಲ್ಲವೆಂದು ಬರೆದು ಕಡತ ಮುಚ್ಚುತ್ತಿದ್ದಿರಿ. ಎಳೆದು ಬದುಕಿದ್ದಾನೆ, ಏಕೆ ಎಳೆದೆ ಎಂದು ಕೇಳುತ್ತೀರಿ. ನಾಚಿಕೆಯಾಗಬೇಕು.

ಶುಲ್ಕವನ್ನು ನಾನು ಕಟ್ಟುವುದಿಲ್ಲ. ಸಿಂಪರಣೆಯ ಪರಿಣಾಮ ಪರಿಶೀಲಿಸಲು ಇನ್‌ಸ್ಪೆಕ್ಟರರು ಬರುವರೆಂದು ನೋಟೀಸಿನ ಕೊನೆಯಲ್ಲಿದೆ, ಅಗತ್ಯವಾಗಿ ಬರಲಿ. ಹತ್ತಿಯ ಗಿಡಗಳೆಲ್ಲವೂ ಸುಟ್ಟು ಕರಕಾಗಿರುವುದರಿಂದ ಕಾಯಿಕೊರಕ ಹುಳುವಿಗೆ ನನ್ನಲ್ಲಿ ಈಗ ಕೆಲಸವಿಲ್ಲ. ಬದುವಿನಾಚೆ, ತಮ್ಮ ಇಲಾಖೆಯದೇ ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಅದು ಕ್ಷೇಮವಾಗಿದೆ. ಅಲ್ಲಿಗೆ ಹೋಗಿ ಎಣಿಸಿಕೊಳ್ಳಬಹುದು.

ಇಂತು ವಿಜ್ಞಾಪಿಸುವ,
ಓಡುದಾರಿಯ ತುದಿಯ ಹೊಲದವನು