ಸಿಟ್ಟಿಗೂ ಒಬ್ಬ ಬುದ್ಧ

ನನ್ನ ಸಿಟ್ಟಿನ ಬಗ್ಗೆ ಮನೆಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಆದರೆ ಬೌದ್ಧರಲ್ಲಿ ವಜ್ರಯಾನ ಪಂಥದವರು ಸಿಟ್ಟಿಗೂ ಒಬ್ಬ ಬುದ್ಧನನ್ನು ಇಟ್ಟಿದ್ದಾರೆಂದು ಗೊತ್ತಾದಾಗಿನಿಂದ ನನಗೆ ಕೊಂಚ ಧೈರ್ಯ ಬಂದಿದೆ. ಅವನ ಹೆಸರು ಅಕ್ಷೋಭ್ಯ. ನೀಲಿ ಮೈಬಣ್ಣ, ಬಲಗೈ ನೆಲ ಮುಟ್ಟಿದೆ. ಇದನ್ನು ಹೇಳಿದಾಗ ನನ್ನವಳು, “ಅವನು ಕೂತಲ್ಲಿಂದ ಅಲುಗಾಡದವನು. ನೀವೋ?” ಎಂದು ಒಳಗೆ ಹೋದಳು.

ಮೊನ್ನೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಮಟಮಟ ಮಧ್ಯಾಹ್ನ ನನ್ನ ಸ್ಕೂಟರು ಪಂಕ್ಚರ್ ಆಯಿತು. ಶೆಡ್ಡಿನ ಗೋಡೆಯ ಪಕ್ಕ ಒಂದು ಗೇಣು ನೆರಳು. ಅದರಲ್ಲಿ ಆಗಲೇ ಒಂದು ನಾಯಿ ಮಲಗಿತ್ತು. ಮೊಳೆ ಬಿಸಾಡಿದವನ ವಂಶವನ್ನೆಲ್ಲ ನೆನೆಯುತ್ತ ಗಾಡಿ ತಳ್ಳಿಕೊಂಡು ಹೋದೆ. ಪಂಕ್ಚರ್ ಹುಡುಗ ಟ್ಯೂಬನ್ನು ನೀರಿಗದ್ದಿ, “ಸಿಟ್ಟು ಮಾಡ್ಕಬ್ಯಾಡ್ರಿ ಸಾರ್, ಒಂದೇ ತೂತು ಐತೆ” ಅಂದ. ನನ್ನ ಕಣ್ಣು ಅವನ ಬುಲೆಟ್ಟಿನ ಹ್ಯಾಂಡಲಿಗೆ ಕಟ್ಟಿದ್ದ ಬಣ್ಣದ ಟಿಬೆಟನ್ ಬಾವುಟಗಳ ಮೇಲಿತ್ತು. ಲಡಾಖಿಗೆ ಹೋದವರೂ ಕಟ್ಟುತ್ತಾರೆ, ಹರಿಹರ ದಾಟದವರೂ ಕಟ್ಟುತ್ತಾರೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಪಂಚಭೂತಗಳ ಬಣ್ಣ ಎನ್ನುತ್ತಾರೆ. ಐವರು ಬುದ್ಧರ ಬಣ್ಣವೂ ಅವೇ.

ಈ ಐವರ ಲೆಕ್ಕಾಚಾರ ಸೊಗಸಾಗಿದೆ. ಕೋಪ, ಅಹಂಕಾರ, ಆಸೆ, ಹೊಟ್ಟೆಕಿಚ್ಚು, ಅಜ್ಞಾನ ಎಂಬ ಐದು ವಿಷಗಳನ್ನು ಬೇರೆಯವರು ಕಿತ್ತೆಸೆಯಿರಿ ಎನ್ನುತ್ತಾರೆ. ವಜ್ರಯಾನದವರು ಎಸೆಯಬೇಡಿ, ತಿರುಗಿಸಿ ನೋಡಿ ಎನ್ನುತ್ತಾರೆ. ಕೋಪದಲ್ಲಿ ಒಂದು ನಿಚ್ಚಳವಿದೆ. ‘ನಾನು’ ಎಂಬುದು ಕರಗಿದರೆ ಅದೇ, ಇದ್ದುದನ್ನು ಇದ್ದಂತೆ ತೋರಿಸುವ ಕನ್ನಡಿಯಂಥ ಅರಿವು. ಅಹಂಕಾರ ಕರಗಿದರೆ ರತ್ನಸಂಭವನ ಸಮತಾಜ್ಞಾನ. ಆಸೆಯ ಕಣ್ಣು ಒಂದೊಂದನ್ನೂ ಬಿಡಿಬಿಡಿಯಾಗಿ ಗಮನಿಸುತ್ತದಲ್ಲ, ಅದು ಶುದ್ಧವಾದರೆ ಅಮಿತಾಭನ ವಿವೇಚನೆ. ಹೊಟ್ಟೆಕಿಚ್ಚು ಅಮೋಘಸಿದ್ಧಿಯ ಪಾಲಿಗೆ, ಕೆಲಸ ಮುಗಿಸುವ ಜ್ಞಾನವಾಗಿ. ಅಜ್ಞಾನದ ಜಾಗದಲ್ಲಿ ವೈರೋಚನ, ಎಲ್ಲವನ್ನೂ ಒಳಗೊಳ್ಳುವ ಬಯಲು. ಈ ಪ್ರಕಾರ ನನ್ನಲ್ಲಿ ಕಚ್ಚಾಮಾಲಿಗೆ ಬರವಿಲ್ಲ. ಉತ್ಪಾದನೆ ಶುರುವಾಗುವುದೊಂದೇ ಬಾಕಿ.

ಕಾಯುತ್ತ ಕೂತವನಿಗೆ ಪಕ್ಕದ ಅಂಗಡಿಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಸಿಕ್ಕಿತು. ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ನೀವು ನೋಡಿರಬೇಕು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಿಡಿಸಿ, ಕಾದ ಮರಳಿಗೆ ಸುರಿದರೆ ಕಾಳು ಅರಳುತ್ತದೆ. ಮರಳು ಕಾಳಿಗೆ ಹೊಸದೇನನ್ನೂ ಸೇರಿಸುವುದಿಲ್ಲ. ಬುದ್ಧತ್ವವೂ ಹೊರಗಿನಿಂದ ತಂದು ತುಂಬುವ ಸರಕಲ್ಲ, ಮೊದಲಿಂದಲೇ ಇರುವುದು ಎಂಬುದು ವಜ್ರಯಾನದವರ ಮಾತು. ಬೇರೆ ಪಂಥಗಳು ಅಸಂಖ್ಯ ಕಲ್ಪಗಳ ದಾರಿ ಹೇಳುವಾಗ, ಜಪಾನಿನ ಬೌದ್ಧ ಗುರು ಕೂಕಾಯ್ (774–835) ಇದೇ ದೇಹದಲ್ಲಿ ಬುದ್ಧನಾಗಬಹುದೆಂದು ಕಲಿಸಿದ. ಬೈಲುಕುಪ್ಪೆಯಲ್ಲಿ 1963ರಲ್ಲಿ ಪೆನೊರ್ ರಿಂಪೋಚೆ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠವೂ ಇಂಥದೇ ಪರಂಪರೆಯದು. ಆದರೆ ಗುರು ಬೇಕು, ಅಭಿಷೇಕವೆಂಬ ದೀಕ್ಷೆ ಬೇಕು. ಪುಸ್ತಕ ಓದಿ, ನನ್ನ ಸಿಟ್ಟೇ ಜ್ಞಾನ ಎಂದು ಮನೆಯಲ್ಲಿ ಘೋಷಿಸುವಂತಿಲ್ಲ. ಘೋಷಿಸಿದವರ ಊಟದ ಗತಿ ಏನಾಗುತ್ತದೆಂದು ನಾನು ಬಲ್ಲೆ.

ಇದೆಲ್ಲ ಹಿಮಾಲಯದಿಂದ ನೇರ ಬಂದಿಳಿದ ಸಂಗತಿ ಎಂದು ನಾವು ತಿಳಿಯುತ್ತೇವೆ. ಆದರೆ ಟಿಬೆಟನ್ನರು ಮುಂಡಗೋಡಿಗೆ ಬರುವುದಕ್ಕೆ ಒಂಬತ್ತು ಶತಮಾನ ಮೊದಲೇ ತಾರೆ ಎಂಬ ಬೌದ್ಧ ದೇವಿ ಇಲ್ಲಿದ್ದಳು. ಹಸಿರು ತಾರೆ ಅಮೋಘಸಿದ್ಧಿಯ ಕುಲದವಳು, ಅಂದರೆ ಹೊಟ್ಟೆಕಿಚ್ಚಿನವರಿಗೆ ಹತ್ತಿರದವಳು. ಮಂಗಳೂರಿನ ಕದ್ರಿಯಲ್ಲಿ 968ರಲ್ಲಿ ಆಳುಪ ಅರಸ ಕುಂದವರ್ಮ ಬೋಧಿಸತ್ವ ಲೋಕೇಶ್ವರನ ಕಂಚಿನ ವಿಗ್ರಹ ನಿಲ್ಲಿಸಿದ. ಮೂರು ಮುಖ, ಆರು ಕೈ. ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1065ರಲ್ಲಿ ರೂಪಭಟ್ಟಯ್ಯ ಕಟ್ಟಿಸಿದ ಬೌದ್ಧ ವಿಹಾರದಲ್ಲಿ ತಾರಾ ಭಗವತಿಯ ಜೊತೆ ಕೇಶವನಿಗೂ ಪೂಜೆ ನಡೆಯುತ್ತಿತ್ತು. ಹರಿ-ಹರರನ್ನು ಒಂದೇ ಮೂರ್ತಿಯಲ್ಲಿ ನಿಲ್ಲಿಸಿದ ಸೀಮೆಯವರಿಗೆ ಇದೇನೂ ಆಶ್ಚರ್ಯವಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಗದಗ ಜಿಲ್ಲೆಯ ದಂಬಳದ 1095ರ ಶಾಸನ. ಅಲ್ಲಿನ ಬುದ್ಧವಿಹಾರ ಕಟ್ಟಿಸಿದವರು ರಾಜರಲ್ಲ, ಸನ್ಯಾಸಿಗಳಲ್ಲ, ಹದಿನಾರು ಜನ ಸೆಟ್ಟರು. ತಾರೆಯ ವಿಹಾರ ಲಕ್ಕುಂಡಿಯ ಸೆಟ್ಟಿಯೊಬ್ಬನದು. ಲಾಭ-ನಷ್ಟ, ಬಾಕಿ, ಎದುರಂಗಡಿಯವನ ಮೇಲಿನ ಮತ್ಸರ ಎಲ್ಲ ಅನುಭವಿಸಿದ ಜನ. ಕರೂರಿನಲ್ಲಿ ಶೆಡ್ ಹಾಕಿದವರಿಗೆ ಅವರು ಹತ್ತಿರದ ನೆಂಟರು. ದಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿಯ ನಕ್ಷತ್ರದಾಕಾರದ ಗೋಡೆ ನೋಡಿ ಹೊರಟುಬಿಡುತ್ತಾರೆ. ನೀವು ಹೋದಾಗ ಆ ಸೆಟ್ಟರನ್ನೂ ಒಂದಿಷ್ಟು ವಿಚಾರಿಸಿಕೊಂಡು ಬನ್ನಿ.