ಕೀಲಿಪದನಾಮಾಗಮನ ಮೀಮಾಂಸೆ: ಹೊಸಪೇಟೆ ಸೀಮೆಯನ್ನು ಅನುಲಕ್ಷಿಸಿ

ಪೀಠಿಕೆ: ಊರಿನ ಹೆಸರಿಗೆ ‘ಹೋಟೆಲ್ಸ್’ ಅಂಟಿಸಿ, ‘ಡಾಟ್ ಕಾಮ್’ ಬಾಲ ಕಟ್ಟಿದ ಜಾಲವಿಳಾಸವನ್ನು, ಯಾವ ಹುಡುಕುತಾಣದ ಹಂಗೂ ಇಲ್ಲದೆ ತಾವಾಗಿ ಒತ್ತಿ ಬರುವವರ ಸಂಖ್ಯೆಯನ್ನು ಅವರು ಬರುವ ಮುನ್ನವೇ ನಿರ್ಣಯಿಸುವ ಶಾಸ್ತ್ರಕ್ಕೆ ‘ಕೀಲಿಪದನಾಮಾಗಮನ ಮೀಮಾಂಸೆ’ ಎಂದು ಹೆಸರು. ಇದರ ಆಚಾರ್ಯರು ಲ್ಯಾಪ್‌ಟಾಪ್ ಸಮೇತ ಹೊಸಪೇಟೆಗೆ ದಯಮಾಡಿಸಿ, ಲಾಡ್ಜ್ ಮಾಲೀಕರಿಗೆ ಪಾಠ ಹೇಳಿ, ಕೊನೆಗೆ ಒಂದು ಹೆಸರಿಗೆ ಲಕ್ಷಗಟ್ಟಲೆ ಬೆಲೆ ಕಟ್ಟುತ್ತಾರೆ.

ಸೂತ್ರ: ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೋ ಆ ಸಂಖ್ಯೆಯನ್ನು ‘ನೇರಾಗಮನ ಗುಣಾಂಕ’ದಿಂದ ಗುಣಿಸತಕ್ಕದ್ದು. ಗುಣಾಂಕ ಹುಟ್ಟುವುದು ಮಾರುವವನ ಬಾಯಲ್ಲಿ. ಕೊಳ್ಳುವವನ ಅಂಗಿಗೆ ಇಸ್ತ್ರಿ ಇದ್ದರೆ ಅದು ಏರುತ್ತದೆ.

ವರ್ಗೀಕರಣ: ನೇರಾಗತರು ಏಳು ವಿಧ. ಒಂದು, ಶುದ್ಧ ನೇರಾಗತ: ವಿಳಾಸ ಬಾಯಿಪಾಠ ಇರುವವನು. ಈತ ಬಹುತೇಕ ತಾಣದ ಮಾಲೀಕನೇ. ಎರಡು, ಛದ್ಮ ನೇರಾಗತ: ವಾಟ್ಸ್ಯಾಪ್‌ನಲ್ಲಿ ಬಂದ ಲಿಂಕ್ ಒತ್ತಿದವನು. ಎಲ್ಲಿಂದ ಬಂದನೆಂಬ ಗುರುತು ಉಳಿಯದಿದ್ದರೆ ಲೆಕ್ಕದ ತಂತ್ರಾಂಶ ಅವನನ್ನೂ ‘ನೇರ’ದ ಖಾತೆಗೇ ಬರೆಯುತ್ತದೆ. ಮೂರು, ಯಂತ್ರಾಗತ: ಮನುಷ್ಯನೇ ಅಲ್ಲ, ಬಾಟ್. ನಾಲ್ಕು, ಕಾಗುಣಿತಭ್ರಷ್ಟ: 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನ ‘ಹಾಸ್ಪೆಟ್’ ಅನ್ನು ‘ಹೊಸಪೇಟೆ’ ಮಾಡಿದ ಮೇಲೂ ಹಳೆಯದನ್ನೇ ಒತ್ತುವವನು. ಉಳಿದ ಮೂರು ಬೇಡ ಬಿಡಿ, ವಿಂಗಡಿಸುವವನಿಗೇ ಸಾಕಾಯಿತು.

ಪ್ರಾದೇಶಿಕ ಅವಲೋಕನ: ಸಂಡೂರಿಗೆ ನೇರವಾಗಿ ಬರುವುದು ಅದಿರು ಲಾರಿ. ಅದು ಯಾವ ಕೀಲಿಪದವನ್ನೂ ಒತ್ತುವುದಿಲ್ಲ. ಕಂಪ್ಲಿಯ ಗುಣಾಂಕವನ್ನು ಆಚಾರ್ಯರು ಇನ್ನೂ ಪ್ರಕಟಿಸಿಲ್ಲ. ಅಲ್ಲಿ ಇಸ್ತ್ರಿ ಅಂಗಿಯ ಗಿರಾಕಿ ಸಿಕ್ಕಿರಲಾರದು.

ಹಿಂದೆ ಈ ವಿದ್ಯೆಯಲ್ಲಿ ಹುರುಳಿತ್ತು ಎನ್ನಲೇಬೇಕು. 1999ರಲ್ಲಿ ‘ಬಿಸಿನೆಸ್ ಡಾಟ್ ಕಾಮ್’ ಎಂಬ ಬರೀ ಹೆಸರು 75 ಲಕ್ಷ ಡಾಲರಿಗೆ ಹೋಯಿತು. ಆಮೇಲೆ ಬ್ರೌಸರಿನ ವಿಳಾಸಪಟ್ಟಿಯೇ ಹುಡುಕುಪಟ್ಟಿಯಾಯಿತು. ‘ಹಂಪಿ’ ಎಂದು ಒತ್ತಿದವನು ಸೀದಾ ಗೂಗಲಿಗೆ ಹೋದ. 2012ರಲ್ಲಿ ಗೂಗಲ್, ಹೆಸರಲ್ಲಿ ಮಾತ್ರ ಕೀಲಿಪದ ಇದ್ದು ಒಳಗೆ ಸತ್ವವಿಲ್ಲದ ತಾಣಗಳನ್ನು ಕೆಳಗೆ ತಳ್ಳಿತು. ಆಚಾರ್ಯರು ಮಾತ್ರ ಹಳೆಯ ಗುಣಾಂಕವನ್ನೇ ಹಿಡಿದು ಕೂತಿದ್ದಾರೆ.

ಈಗ ಶಾಸ್ತ್ರ ಪಕ್ಕಕ್ಕಿರಲಿ. ಹಂಪಿಯ ಒಂದು ಕಲ್ಲನ್ನೂ ಮುಟ್ಟದವನು ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಕಟ್ಟಿ ಆ ಹೆಸರಿಗೆ ಬೇಲಿ ಹಾಕುತ್ತಾನೆ. ಒಳಗೆ ಖಾಲಿ ಪುಟ, ‘ಮಾರಾಟಕ್ಕಿದೆ’ ಎಂಬ ಬೋರ್ಡು. ಅವನು ಹೂಡಿಕೆದಾರ. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ಒಲೆ ಹಚ್ಚಿ, ಅಂಗಡಿ ಇಟ್ಟು, ಬಂದವರಿಗೆ ಇಡ್ಲಿ ಬಡಿಸಿ ನಿಜವಾಗಿ ಅಲ್ಲೇ ಬದುಕಿದವರು ಒತ್ತುವರಿದಾರರು! 2011ರ ಜುಲೈನಲ್ಲಿ ಅವರ ಮನೆಗಳ ಮೇಲೆ ಬುಲ್ಡೋಜರ್ ಹೋಯಿತು. ನಿವೇಶನ ತೋರಿಸಿದ್ದು ಕಡ್ಡಿರಾಂಪುರದಲ್ಲಿ, ಅದೂ ಅಲೆದಾಡಿಸಿ. ಆ ಬಜಾರಿನ ಮಂಟಪಗಳನ್ನು ಉಳಿಸಬೇಕು, ನಿಜ. ಅದಕ್ಕೆ ನಾನೂ ಕೈ ಎತ್ತುತ್ತೇನೆ. ಆದರೆ ಸಂತೆ ನಡೆದ ಬೀದಿಯನ್ನು ಸಂತೆಯಿಲ್ಲದೆ ಉಳಿಸಿದ್ದೇವೆ. ಯಾವ ನೋಟಿಸೂ ಹೋಗದ ವಿಳಾಸ ಆ ಖಾಲಿ ಪುಟದ್ದು ಮಾತ್ರ.

ಲಾಡ್ಜ್, ಹೋಂಸ್ಟೇ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಆ ಲಕ್ಷ ಕೊಡಬೇಡಿ. ನಿಮ್ಮ ಮನೆಯ ಹೆಸರಲ್ಲೇ ಸಾವಿರ ರೂಪಾಯಿಗೊಂದು ವಿಳಾಸ ತಗೊಳ್ಳಿ. ಫೋನ್ ನಂಬರು ಸರಿಯಾಗಿ ಹಾಕಿ, ರಾತ್ರಿ ರೈಲಿಗೆ ಬಂದವರು ಕರೆದರೆ ಎತ್ತಿ.