ಜ್ವರದಿಂದ ಎದ್ದ ಹೊಟ್ಟೆ

ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ನೆಂಟರಿರುವವನ ಹೊಟ್ಟೆ ಅವನೊಬ್ಬನದೇ ಅಲ್ಲ. ಜಠರದ ಒಳಪದರ ಊದಿಕೊಂಡಿದೆ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬಿಡಾರ ಹೂಡಿದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದನ್ನು ಒಬ್ಬರಿಗೆ ಫೋನಿನಲ್ಲಿ ಹೇಳಿದೆ. ಬಸ್ಸಿಳಿಯುವಷ್ಟರಲ್ಲಿ ಮೂರು ತಾಲ್ಲೂಕಿಗೂ ನನ್ನ 'ಗ್ಯಾಸ್ಟ್ರಿಕ್ಕು' ತಲುಪಿತ್ತು.

ಔಷಧಿಯ ವಿಷಯದಲ್ಲಿ ಯಾರದೂ ತಕರಾರಿಲ್ಲ. ವಾಸಿಯಾದ ಗುರುತು ಮಾತ್ರ ಊರಿಗೊಂದು. ಹನೂರಿನ ಮಾವನ ಪ್ರಕಾರ, ಉಪ್ಸಾರಿನ ಖಾರ ಮುದ್ದೆಗೆ ಸವರಿಕೊಂಡು ಉಂಡಾಗ ಕಣ್ಣಲ್ಲಿ ನೀರು ಬಂದರೂ ಹೊಟ್ಟೆ ಉರಿಯಬಾರದು. ಯಳಂದೂರಿನ ಅತ್ತೆಯ ಪ್ರಕಾರ, ಬಿಳಿಗಿರಿರಂಗನ ಬೆಟ್ಟದ ಪ್ರಸಾದ ಉಂಡು, ಅಷ್ಟೂ ತಿರುವುಗಳಲ್ಲಿ ವಾಂತಿಯಾಗದೆ ಬಸ್ಸಿನಲ್ಲಿ ಇಳಿದು ಬಂದರೆ ರಂಗಪ್ಪ ಕಣ್ಣುಬಿಟ್ಟ ಹಾಗೆ. ಡಾಕ್ಟರ ಪಟ್ಟಿ ಸಪ್ಪೆ: ಉರಿ ಇಳಿಯಬೇಕು, ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯಬಾರದು, ರಾತ್ರಿ ನಿದ್ದೆ ಬರಬೇಕು, ತೂಕ ಇಳಿಯಬಾರದು. ಮಲ ಕಪ್ಪಗೆ ಅಂಟಂಟಾದರೆ, ವಾಂತಿಯಲ್ಲಿ ರಕ್ತ ಕಂಡರೆ ಮಾವ, ಅತ್ತೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಓಡಿಬರಬೇಕು.

ನಾನು ಸಿಕ್ಕಿಬಿದ್ದದ್ದು ಮಾತ್ರ ಕೊಳ್ಳೇಗಾಲದ ಪಕ್ಕದ ಹಳ್ಳಿಯಲ್ಲಿ ರೇಷ್ಮೆಹುಳ ಸಾಕುವ ದೊಡ್ಡಮ್ಮನ ಕೈಗೆ. ರೇಷ್ಮೆಹುಳಕ್ಕೆ ನಾಲ್ಕು 'ಜ್ವರ'. ಪ್ರತಿ ಸಲವೂ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಲ್ಲುತ್ತದೆ. ಹಳೇ ಚರ್ಮ ಕಳಚಿ ಎದ್ದ ಮೇಲೆ ಸೊಪ್ಪು ಹುಡುಕುತ್ತದೆ. ಗಂಜಿಯ ಲೋಟದ ಮುಂದೆ ತಲೆಯೆತ್ತಿ ಕೂತಿದ್ದ ನನ್ನಲ್ಲಿ ದೊಡ್ಡಮ್ಮನಿಗೆ ಬೇರೇನೂ ಕಾಣಲಿಲ್ಲ.

ದಿನಾ ಬೆಳಿಗ್ಗೆ ತಟ್ಟೆಯ ಹಿಕ್ಕೆ ಬೆರಳಲ್ಲಿ ಒತ್ತಿ, ಒಣಗಿದೆಯೋ ನೀರಾಗಿದೆಯೋ ನೋಡಿ, ನನ್ನ ಕಡೆ ತಿರುಗುವಳು: "ನಿಂದೆಂಗದ ಕೂಸು?" ಹಾಲಿನವನು ನಿಂತಿದ್ದರೂ ಉತ್ತರ ಕೊಡಲೇಬೇಕು.

ವಾರವಾಗುವಷ್ಟರಲ್ಲಿ ಒಗ್ಗರಣೆಯ ಘಮಕ್ಕೆ ಬಾಯಲ್ಲಿ ನೀರೂರಿತು. ಹಸಿವಾಯಿತು, ಮುದ್ದೆ ಹಾಕು ಎಂದೆ.

"ಒಂದುಳ ಎದ್ದುದ್ಕೇ ತಟ್ಟಗೆಲ್ಲ ಸೊಪ್ಪಾಕುದ್ರ ಬೆಳೆ ಕೆಟ್ಟೋಯ್ತದ ಕನ. ಮಿಕ್ಕವೂ ಏಳ್ಲಿ ತಡಿ."

ಡಾಕ್ಟರಿಗೆ ದೂರಿದರೆ ಅವರೂ ಅದೇ ರಾಗ: ಉರಿ ಹೋದ ಮಾತ್ರಕ್ಕೆ ಬ್ಯಾಕ್ಟೀರಿಯಾ ಹೋಗಿದೆ ಎಂದಲ್ಲ, ಮಾತ್ರೆಯ ಕೋರ್ಸು ಪೂರ್ತಿ ಮುಗಿಸಿ, ಅದಾಗಿ ಕನಿಷ್ಠ 4 ವಾರ ಕಳೆದ ಮೇಲೆ ಮಲಪರೀಕ್ಷೆ ಮಾಡಿಸಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ. ರಾಬಿನ್ ವಾರೆನ್ ಜೊತೆ 2005ರಲ್ಲಿ ನೊಬೆಲ್ ಪಡೆದ. ಹಿಕ್ಕೆ ಒತ್ತಿ ನೋಡುವವರಿಗೆ ನೊಬೆಲ್ ಕೊಡುವ ಪದ್ಧತಿ ಇನ್ನೂ ಬಂದಿಲ್ಲ.

ಕೊನೆಗೆ ಬ್ಯಾಕ್ಟೀರಿಯಾ ಇಲ್ಲವೆಂಬ ರಿಪೋರ್ಟು ಹಿಡಿದು ದೊಡ್ಡಮ್ಮನ ಮುಂದೆ ನಿಂತೆ. ಆ ಹೊತ್ತಿಗೆ ಅವಳ ಹೊಸ ಬೆಳೆಯ ಹುಳಗಳೂ ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳ ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ತಿನ್ನುವುದು ಈ ಕೊನೆಯ ಹಂತದಲ್ಲೇ. ರಿಪೋರ್ಟನ್ನು ಅವಳು ಕಣ್ಣೆತ್ತಿ ನೋಡಲಿಲ್ಲ. ಕುಡುಗೋಲು ನನ್ನ ಕೈಗಿಟ್ಟಳು.

"ವಾಸಿಯಾಯ್ತಲ್ಲ, ಓಗು, ಎಲ್ಡೊರೆ ಸೊಪ್ಪು ಕುಯ್ಕಂಡ್ಬಾ."